ಅಟ್ಲಾಂಟಾಕ್ಕೆ ಹೋದ ಎಡಗೈಯವನು

ಆ ಶನಿವಾರ ಬೆಳಿಗ್ಗೆ ವರ್ಜೀನಿಯಾದ, ವಾಷಿಂಗ್ಟನ್ ಪಕ್ಕದ ಫೇರ್‌ಫ್ಯಾಕ್ಸ್‌ನ ಮನೆಗೆ ಬೀಗ ಹಾಕಿ ಷಾರ್ಲೆಟ್ ಕಡೆ ಗಾಡಿ ತಿರುಗಿಸಿದಾಗ ನಾನು ಎರಡು ತೀರ್ಪು ಹೇಳಬೇಕಿತ್ತು. ಮೊದಲನೆಯದು ಸುಲಭದ್ದು. ವಾಷಿಂಗ್ಟನ್‌ನ ಬೇಸ್‌ಬಾಲ್ ಟೀಮು ತನ್ನ ಒಬ್ಬ ಬೌಲರನ್ನು ಅಟ್ಲಾಂಟಾಕ್ಕೆ ಕೊಟ್ಟು ಅಲ್ಲಿಂದ ಇನ್ನೊಬ್ಬನನ್ನು ತಂದುಕೊಂಡಿತ್ತು. ಈ ಅದಲು ಬದಲಿನಲ್ಲಿ ಯಾರು ಗೆದ್ದರು, ಯಾರು ಟೋಪಿ ಹಾಕಿಸಿಕೊಂಡರು ಅಂತ ಹೇಳಬೇಕಿತ್ತು. ಎರಡನೆಯದು ಅಪಾರ್ಟ್‌ಮೆಂಟಿನ ಲೀಸು. ಸೋಮವಾರ ಸಂಜೆಯೊಳಗೆ ಇನ್ನೊಂದು ವರ್ಷಕ್ಕೆ ಸಹಿ ಹಾಕಬೇಕು, ಇಲ್ಲವೇ ಮನೆ ಖಾಲಿ ಮಾಡಿ, ಕೆಲಸ ಬಿಟ್ಟು, ಅಟ್ಲಾಂಟಾದಲ್ಲಿರುವ ಗಂಡನ ಹತ್ತಿರ ಹೋಗಬೇಕು. ಎರಡೂ ತೀರ್ಪನ್ನು ಕೇಳುವವನು ಅವನೇ. ಅವನೂ ಆ ಹೊತ್ತಿಗೆ ಅಟ್ಲಾಂಟಾದಿಂದ ಷಾರ್ಲೆಟ್‌ಗೆ ಹೊರಡುತ್ತಿದ್ದ. ಹೊರಡುತ್ತಿದ್ದ ಅಂದರೆ ಇನ್ನೂ ಹಾಸಿಗೆಯಲ್ಲಿದ್ದ. ಅವನಿಗೆ ದಾರಿ ಕಡಿಮೆ.

ನಮ್ಮಿಬ್ಬರಿಗೂ ಬೇಸ್‌ಬಾಲ್ ಹುಚ್ಚು ಹತ್ತಿದ್ದು ಎರಡು ಸಾವಿರದ ಇಪ್ಪತ್ತರ ಆ ಕೆಟ್ಟ ಕೋವಿಡ್ ಬೇಸಿಗೆಯಲ್ಲಿ. ಎರಡು ಬೆಡ್‌ರೂಮಿನ ಮನೆಯಲ್ಲಿ ಒಂದೊಂದು ರೂಮಿಗೆ ಒಬ್ಬೊಬ್ಬರು ಬಾಗಿಲು ಹಾಕಿಕೊಂಡು ಮೀಟಿಂಗ್ ಮಾಡುತ್ತಿದ್ದೆವು. ಮಧ್ಯಾಹ್ನ ಅಡುಗೆಮನೆಯಲ್ಲಿ ಭೇಟಿಯಾದರೆ ಅದೇ ದೊಡ್ಡ ವಿಶೇಷ. ಟಿವಿಯಲ್ಲಿ ಕ್ರಿಕೆಟ್ ನಿಂತುಹೋಗಿತ್ತು. ಜುಲೈ ಕೊನೆಗೆ ಬೇಸ್‌ಬಾಲ್ ಶುರುವಾಯಿತು. ಜನರಿಲ್ಲದ ಸ್ಟೇಡಿಯಂ, ಕುರ್ಚಿಗಳ ಮೇಲೆ ರಟ್ಟಿನಲ್ಲಿ ಕತ್ತರಿಸಿದ ಮುಖಗಳು, ಸ್ಪೀಕರಿನಿಂದ ಬರುವ ಸುಳ್ಳು ಗದ್ದಲ. ನಾವು ನೋಡಿದೆವು. ಬೇರೇನಿತ್ತು ನೋಡಲು?

ನನ್ನ ಗಂಡ ಪ್ರತಿಯೊಂದನ್ನೂ ಕ್ರಿಕೆಟ್‌ಗೆ ಹೊಂದಿಸಿ ಹೇಳಿಕೊಡುತ್ತಿದ್ದ. ಅವನಿಗೂ ಗೊತ್ತಿರಲಿಲ್ಲ, ಆದರೆ ಗೊತ್ತಿಲ್ಲದ್ದನ್ನು ಹೇಳಿಕೊಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಪಿಚರ್ ಅಂದರೆ ಬೌಲರ್. ಆಟದ ಒಂಬತ್ತು ಇನಿಂಗ್ಸ್‌ನಲ್ಲಿ ಐದಾರು ಎಸೆದು ಸುಸ್ತಾದ ಮೇಲೆ ಅವನನ್ನು ಕಳಿಸಿ ಬದಲಿಗೆ ಬರುವವನು ರಿಲೀಫ್ ಪಿಚರ್. "ಡೆತ್ ಓವರ್ ಬೌಲರ್ ಥರ," ಅಂದ. ಇಲ್ಲಿಯವರೆಗೆ ಸರಿ. ಮುಂದೆ ಒಂದು ಲೆಕ್ಕದಲ್ಲಿ ಅವನು ಎಡವಿದ, ಇವತ್ತಿಗೂ ಎಡವುತ್ತಾನೆ. ನಮ್ಮ ಕಡೆಯ ಬಹಳ ಗಂಡಸರು ಅಲ್ಲೇ ಎಡವುವುದನ್ನು ಆಮೇಲೆ ಎಲ್ಲರೂ ಅಡುಗೆ ತಂದು ಸೇರುವ ಪಾಟ್‌ಲಕ್‌ಗಳಲ್ಲಿ ನೋಡಿದ್ದೇನೆ.

ಕ್ರಿಕೆಟ್‌ನಲ್ಲಿ ಯಾರ ಚೆಂಡಿಗೆ ರನ್ ಹೋಯಿತೋ ಅವನ ಹೆಸರಿಗೇ ಬರೆಯುತ್ತಾರೆ. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಮೊದಲಿನವನು ರನ್ನಿನ ದಾರಿಯಲ್ಲಿರುವ ಮೂರು ಬೇಸ್‌ಗಳಲ್ಲೂ ಎದುರು ಟೀಮಿನ ಆಟಗಾರರನ್ನು ಸೇರಿಸಿಕೊಂಡು, ಕೈಲಾಗದೆ ಮೈದಾನ ಬಿಟ್ಟು ಹೋಗುತ್ತಾನೆ. ಬದಲಿಗೆ ಬಂದವನ ಚೆಂಡಿಗೆ ಆ ಮೂವರೂ ಓಡಿ ರನ್ ಮಾಡಿದರೂ ಅದನ್ನು ಬರೆಯುವುದು ಬಿಟ್ಟುಹೋದವನ ಹೆಸರಿಗೆ. ಬಂದವನ ಖಾತೆ ಸ್ವಚ್ಛ. ಅದೇ ರೀತಿ, ಬಂದವನು ಆ ಮೂವರನ್ನೂ ಅಲ್ಲೇ ಕಟ್ಟಿಹಾಕಿ, ಒಂದು ರನ್ನೂ ಬಿಡದೆ ಇನಿಂಗ್ಸ್ ಮುಗಿಸಿದರೂ ಅವನ ಅಂಕಿಗಳಲ್ಲಿ ಅದಕ್ಕೆ ದೊಡ್ಡ ಮರ್ಯಾದೆಯೇನೂ ಇಲ್ಲ. ಅದನ್ನು ನೋಡಬೇಕಾದರೆ ಬೇರೆ ಪಟ್ಟಿ ಹುಡುಕಬೇಕು.

ಆ ಪಟ್ಟಿಯನ್ನು ಹುಡುಕಿದವಳು ನಾನು. ರಾಕ್‌ವಿಲ್‌ನಲ್ಲಿ ಔಷಧಿ ಪ್ರಯೋಗಗಳ ದಾಖಲೆ ನೋಡಿಕೊಳ್ಳುವ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ಬೇರೆಯವರು ಅರ್ಧಂಬರ್ಧ ತುಂಬಿ ಬಿಟ್ಟುಹೋದ ಫೈಲುಗಳನ್ನು ತೆಗೆದು, ಎಲ್ಲಿ ತಪ್ಪಿದೆ, ಎಲ್ಲಿ ಬಿಟ್ಟಿದೆ ಅಂತ ನೋಡಿ, ಸರಿಮಾಡಿ ಮುಂದಕ್ಕೆ ಕಳಿಸುವುದು. ಇಂಥ ಕೆಲಸ ಮಾಡುವವಳ ಕಣ್ಣು ಆ ಪಟ್ಟಿಯ ಮೇಲೆ ಬೀಳದೆ ಇನ್ನೆಲ್ಲಿ ಬೀಳುತ್ತದೆ? ಆವತ್ತಿನಿಂದ ನಾನು ಬದಲಿಗೆ ಬರುವ ಬೌಲರ್‌ಗಳನ್ನು ಅಳೆಯುವುದು ಒಂದೇ ಪ್ರಶ್ನೆಯಿಂದ. ಇವನು ಬಂದಾಗ ಬೇಸ್ ಮೇಲಿದ್ದವರು ಕೊನೆಗೆ ಏನಾದರು?

ನಮ್ಮಲ್ಲೊಂದು ಪದ್ಧತಿ ಬೆಳೆಯಿತು. ಯಾವುದೇ ಟ್ರೇಡ್, ಅಂದರೆ ಆಟಗಾರರ ಅದಲು ಬದಲು, ಆದರೆ ಪಂಡಿತರು ಏನು ಬರೆದಿದ್ದಾರೆ ಅಂತ ಓದುವ ಮೊದಲು ಇಬ್ಬರೂ ನಮ್ಮ ನಮ್ಮ ತೀರ್ಪು ಹೇಳಬೇಕು. ಸೀಸನ್ ಮುಗಿದ ಮೇಲೆ ಸೋತವರು ಸೋತ ಒಂದೊಂದು ಟ್ರೇಡಿಗೂ ಒಂದೊಂದು ತಿಂಗಳು ಪಾತ್ರೆ ತೊಳೆಯಬೇಕು. ಅವನು ವೇಗ ನೋಡುತ್ತಿದ್ದ, ನಾನು ನನ್ನ ಪಟ್ಟಿ ನೋಡುತ್ತಿದ್ದೆ. ಎರಡು ಚಳಿಗಾಲ ಪೂರ್ತಿ ಪಾತ್ರೆ ತೊಳೆದ. ಸಿಂಕಿನ ಮುಂದೆ ನಿಂತು ಗೊಣಗುತ್ತಾ, ಹಿತ್ತಾಳೆ ಲೋಟಕ್ಕೂ ಸ್ಟೀಲ್ ಸ್ಕ್ರಬ್ಬರ್ ಹಾಕಿ ಉಜ್ಜುತ್ತಿದ್ದ. ಹದಿನಾಲ್ಕು ವರ್ಷದ ಸಂಸಾರದಲ್ಲಿ ನಾವು ತುಂಬಾ ನಕ್ಕಿದ್ದು ಆ ಎರಡು ವರ್ಷ ಅಂತ ಈಗ ಅನ್ನಿಸುತ್ತದೆ.

ಆಮೇಲೆ ಅವನ ಕಂಪನಿ ಅವನನ್ನು ಅಟ್ಲಾಂಟಾ ಆಫೀಸಿಗೆ ಹಾಕಿತು. ಬೇಡ ಅನ್ನುವ ಹಾಗಿರಲಿಲ್ಲ. ಗ್ರೀನ್ ಕಾರ್ಡಿನ ಕಾಗದಗಳೆಲ್ಲ ಆ ಕಂಪನಿಯ ಕೈಯಲ್ಲಿದ್ದವು, ಬಿಟ್ಟರೆ ಬೇರೆ ಕಂಪನಿ ಸಿಕ್ಕಿ ಎಲ್ಲ ಮೊದಲಿಂದ ಮಾಡಬೇಕು. ನನ್ನ ಕೆಲಸದ ಪರ್ಮಿಟ್ಟಿಗೂ ಅವನ ಕಾಗದವೇ ಆಧಾರ. "ಮೊದ್ಲು ನಾನು ಹೋಗಿ ಸೆಟ್ಲ್ ಆಗ್ತೀನಿ, ಆಮೇಲೆ ನೀನು ಬಾ," ಅಂದ. ನಾನು ಆಯ್ತು ಅಂದೆ. ರಾಕ್‌ವಿಲ್‌ನ ಕೆಲಸದಲ್ಲಿ ನನಗೆ ಆಗಷ್ಟೇ ಒಂದು ಸಣ್ಣ ತಂಡ ಕೊಟ್ಟಿದ್ದರು. ಆರು ತಿಂಗಳು ನೋಡೋಣ ಅಂತ ಶುರುವಾದದ್ದು ಎರಡು ವರ್ಷವಾಯಿತು. ಪಾತ್ರೆಯ ಪಂತಕ್ಕೆ ಅರ್ಥ ಉಳಿಯಲಿಲ್ಲ, ಅವರವರ ತಟ್ಟೆ ಅವರವರೇ ತೊಳೆದುಕೊಳ್ಳುತ್ತಿದ್ದೆವು.

ಮೂರು ವಾರಕ್ಕೊಮ್ಮೆ ಷಾರ್ಲೆಟ್‌ನಲ್ಲಿ ಸೇರುತ್ತಿದ್ದೆವು. ಮದುವೆಯಾಗಿ ಬಂದ ಮೇಲೆ ನಾವು ಮೊದಲು ಸಂಸಾರ ಹೂಡಿದ ಊರು ಅದು. ಆಗ ಪಕ್ಕದ ಮನೆಯಲ್ಲಿದ್ದ ಹುಬ್ಬಳ್ಳಿಯ ಅಕ್ಕ ಈಗ ಅದೇ ಊರಿನ ಬ್ಯಾಲಂಟೈನ್ ಕಡೆ ದೊಡ್ಡ ಮನೆ ತೆಗೆದುಕೊಂಡಿದ್ದಾರೆ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಮಗಳು ಕಾಲೇಜಿಗೆ ಹೋದ ಮೇಲೆ ಮಾಡಿ ಹಾಕಲು ಜನ ಬೇಕು. ನಮಗೆ ಅಂತಲೇ ಮೇಲಿನ ರೂಮು ಇಟ್ಟಿದ್ದರು. ಹೋಟೆಲ್ ಬುಕ್ ಮಾಡ್ತೀವಿ ಅಂದರೆ ಬೈಯುತ್ತಿದ್ದರು. "ಅರ್ಧ ದಾರಿ, ಆರಾಮಾಗಿ ಸೇರಬಹುದು," ಅಂತ ನನ್ನ ಗಂಡ ಎಲ್ಲರಿಗೂ ಹೇಳುತ್ತಿದ್ದ. ನಾನೂ ಹಾಗೇ ಹೇಳುತ್ತಿದ್ದೆ. ಹೇಳಿ ಹೇಳಿ ನಿಜ ಅಂದುಕೊಂಡಿದ್ದೆವು.

ಅವನಿಗೆ ಅದು ನಾಲ್ಕು ಗಂಟೆ. ನನಗೆ ಟ್ರಾಫಿಕ್ ಇಲ್ಲದಿದ್ದರೆ ಆರೂವರೆ, ಇದ್ದರೆ ದೇವರೇ ಗತಿ. ಆ ಶನಿವಾರ ಫ್ರೆಡರಿಕ್ಸ್‌ಬರ್ಗ್ ಹತ್ತಿರವೇ ಗಾಡಿಗಳು ನಿಂತಿದ್ದವು. ರಿಚ್‌ಮಂಡ್ ದಾಟುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಡರಮ್‌ನಲ್ಲಿ ಇಳಿದು ಕಾಫಿ ಕುಡಿದೆ, ಅದು ಕಾಫಿ ಅಂತ ಬೋರ್ಡಿನಲ್ಲಿ ಬರೆದಿತ್ತು. ಗ್ರೀನ್ಸ್‌ಬರೋದಲ್ಲಿ ಮಳೆ ಬಂತು. ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಆ ಎಡಗೈ ಬೌಲರನ ಬಗ್ಗೆ. ಲೀಸಿನ ಬಗ್ಗೆ ಯೋಚಿಸಲು ನನಗೆ ಶಕ್ತಿ ಇರಲಿಲ್ಲ.

ನಮ್ಮ ಟೀಮು ಅಟ್ಲಾಂಟಾಕ್ಕೆ ಕೊಟ್ಟಿದ್ದು ಅವನನ್ನೇ. ವಯಸ್ಸಾದವನು, ಹೊಟ್ಟೆ ಸ್ವಲ್ಪ ಮುಂದೆ, ಚೆಂಡಿಗೆ ವೇಗವಿಲ್ಲ. ಒಳಗೆ ಬರುವಾಗ ಓಡಿ ಬರುವುದಿಲ್ಲ, ಬಾಡಿಗೆ ಮನೆ ನೋಡಲು ಬಂದವನ ಹಾಗೆ ನಿಧಾನವಾಗಿ ನಡೆದು ಬರುತ್ತಾನೆ. ಅವನನ್ನು ಕರೆಯುವುದೇ ಬೇಸ್‌ಗಳು ತುಂಬಿ ಎಲ್ಲ ಕೆಟ್ಟ ಮೇಲೆ. ಅಂಕಿಗಳು ಸಾಧಾರಣ. ಆದರೆ ನನ್ನ ಪಟ್ಟಿಯಲ್ಲಿ ಅವನಂಥವರು ಕಡಿಮೆ. ಬೇರೆಯವರು ಬೇಸ್ ಮೇಲೆ ಬಿಟ್ಟುಹೋದವರಲ್ಲಿ ಹೆಚ್ಚಿನವರನ್ನು ಇದ್ದಲ್ಲೇ ನಿಲ್ಲಿಸಿ ಹೋಗುತ್ತಿದ್ದ. ಅಟ್ಲಾಂಟಾದಿಂದ ಬಂದವನು ಎಳೆಯ, ಉದ್ದಕ್ಕಿದ್ದಾನೆ, ಬೆಂಕಿಯಂಥ ಚೆಂಡು. ಅಂಕಿಗಳು ಕಣ್ಣು ಕುಕ್ಕುವಂತಿವೆ. ಅವನು ಬಂದಾಗ ಬೇಸ್ ಮೇಲಿದ್ದವರು ಮಾತ್ರ ಒಬ್ಬರ ಹಿಂದೆ ಒಬ್ಬರು ಓಡಿ ಮನೆ ಸೇರಿ ರನ್ ಮಾಡುತ್ತಿದ್ದರು. ಅವನ ಹೆಸರಿಗೆ ಏನೂ ಅಂಟುತ್ತಿರಲಿಲ್ಲ.

ನಾನು ಅಕ್ಕನ ಮನೆ ಸೇರಿದಾಗ ಮಧ್ಯಾಹ್ನ ಮೂರೂವರೆ. ನನ್ನ ಗಂಡ ಆಗಲೇ ಊಟ ಮಾಡಿ, ಸಣ್ಣ ನಿದ್ದೆಯನ್ನೂ ಮುಗಿಸಿ ಸೋಫಾದಲ್ಲಿ ಕೂತಿದ್ದ. ನನ್ನ ಚೀಲ ತೆಗೆದುಕೊಳ್ಳಲು ಎದ್ದು ಬಂದ, ಅದನ್ನು ಮರೆಯುವವನಲ್ಲ. ಕೆನ್ನೆ ಒಳಕ್ಕೆ ಹೋಗಿತ್ತು. ಅಲ್ಲಿ ಒಬ್ಬನೇ ಫ್ರೋಜನ್ ಚಪಾತಿ ತಿಂದುಕೊಂಡು ಇರುತ್ತಾನೆ. ಅವನದೂ ಸುಖದ ಬದುಕೇನಲ್ಲ, ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

"ಕೈ ತೊಳಕೊಂಡ ಕೂಡವ್ವಾ, ರೊಟ್ಟಿ ಬಿಸಿ ಮಾಡ್ತೀನಿ," ಅಂದರು ಅಕ್ಕ. ನಾನು ಅಡುಗೆಮನೆಯ ಮೇಜಿಗೆ ಕೂತೆ. ಅವನು ಎದುರಿಗೆ ಬಂದು ಕೂತ.

"ಹೂಂ, ತೀರ್ಪು ಹೇಳು," ಅಂದ.

"ನೀನೇ ಮೊದ್ಲು ಹೇಳು."

"ನಮ್ಮೋರು ಟೋಪಿ ಹಾಕಿಸ್ಕೊಂಡ್ರು ಕಣೇ. ಅಂಥ ಫಾಸ್ಟ್ ಹುಡುಗನ್ನ ಕೊಟ್ಟು ಆ ಮುದುಕನ್ನ ತಗೊಂಡಿದಾರೆ. ಈ ಹುಡುಗನ ಬಾಲಿಗೆ ಯಾರೂ ರನ್ನೇ ಹೊಡೆಯಲ್ಲ, ನಂಬರ್ಸ್ ನೋಡು."

ನಮ್ಮೋರು ಅಂದರೆ ಅಟ್ಲಾಂಟಾದವರು. ಯಾವಾಗ ಆದರೋ ಗೊತ್ತಿಲ್ಲ.

"ಹೊಡೀತಾರೆ. ಅವನ ಹೆಸರಿಗೆ ಬರೆಯಲ್ಲ ಅಷ್ಟೆ," ಅಂದೆ.

"ಅದು ಹೆಂಗೆ? ಬಾಲ್ ಹಾಕೋನು ಅವನು ತಾನೆ?"

"ಎಷ್ಟು ವರ್ಷದಿಂದ ಹೇಳ್ತಾ ಇದೀನಿ ನಿಂಗೆ? ಬೇಸ್ ಮೇಲೆ ಬಿಟ್ಟು ಹೋದವನ ಹೆಸರಿಗೆ ಹೋಗುತ್ತೆ. ಈ ಟ್ರೇಡ್‌ನಲ್ಲಿ ಗೆದ್ದಿರೋದು ಅಟ್ಲಾಂಟಾ. ಎಡಗೈಯವನು ಹೋಗಿದ್ದು ನಮಗೆ ನಷ್ಟ."

"ಅವನೇನ್ ಮಾಡ್ತಾನೆ ಮಹಾ? ಬರ್ತಾನೆ, ಮೂರು ಜನಕ್ಕೆ ಬಾಲ್ ಹಾಕ್ತಾನೆ, ಹೋಗ್ತಾನೆ. ಅಂಥವರು ಎಲ್ಲಿ ಬೇಕಾದ್ರೂ ಸಿಗ್ತಾರೆ."

ಅಕ್ಕ ತಟ್ಟೆ ತಂದಿಟ್ಟರು. ಎಣ್ಣೆಗಾಯಿ, ರೊಟ್ಟಿ, ಶೇಂಗಾ ಚಟ್ನಿ. ಹಸಿವು ಸತ್ತುಹೋಗಿತ್ತು, ಆದರೂ ಮುರಿದು ಬಾಯಿಗೆ ಹಾಕಿಕೊಂಡೆ. ಅವನು ಫೋನ್ ತೆಗೆದು ಫೋಟೋಗಳನ್ನು ತೋರಿಸತೊಡಗಿದ. ಎರಡು ಬೆಡ್‌ರೂಮಿನ ಮನೆ, ದೊಡ್ಡ ಕ್ಲಾಸೆಟ್ಟು, ಬಾಲ್ಕನಿ, ಹತ್ತು ನಿಮಿಷಕ್ಕೆ ಇಂಡಿಯನ್ ಸ್ಟೋರು.

"ನೋಡಿ ಬಂದೆ. ವೈಫ್ ಬರ್ತಾಳೆ ಅಂತ ಹೇಳಿಟ್ಟಿದೀನಿ. ಸೋಮವಾರ ನೀನು ರಿನ್ಯೂ ಮಾಡಲ್ಲ ಅಂತ ಒಂದ್ ಮೇಲ್ ಹಾಕಿಬಿಡು, ಸಾಕು."

"ನನ್ನ ಕೆಲಸ?"

"ನಿನ್ ಕೆಲಸಕ್ಕೇನು? ಬೇರೆಯವರ ಫೈಲ್ ಕ್ಲೀನ್ ಮಾಡೋದು ತಾನೆ. ಅಟ್ಲಾಂಟಾದಲ್ಲೂ ಸಿಗುತ್ತೆ."

ಕೊಂಕು ಮನಸ್ಸಿನಿಂದ ಅಂದದ್ದಲ್ಲ. ಧೈರ್ಯ ಹೇಳಲು ಅಂದದ್ದು. ಅದನ್ನೇ ನನಗೆ ತಡೆಯಲಾಗಲಿಲ್ಲ. ಕೊಂಕಾಗಿದ್ದರೆ ತಿರುಗಿ ಒಂದು ಮಾತು ಅಂದು ಮುಗಿಸಬಹುದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, ಒಲೆಯ ಕಡೆ ಮುಖ ಮಾಡಿಕೊಂಡೇ, ಮಾತಾಡಿದರು.

"ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅರ್ಧ ದಾರಿ, ಅರ್ಧ ದಾರಿ ಅಂತೀರಿ. ಆಕಿ ಏಳು ತಾಸು ಗಾಡಿ ಹೊಡಕೊಂಡ ಬರ್ತಾಳ. ನೀವು ನಾಕ ತಾಸಿಗೆ ಬಂದು ಮಲಗಿ ಎದ್ದಿರ್ತೀರಿ. ಇದ್ಯಾವ ಅರ್ಧಾರೀ?"

ಅವನು ನಗಲು ನೋಡಿದ. ನನಗೆ ನಗು ಬರಲಿಲ್ಲ. ಎರಡು ವರ್ಷದಿಂದ ನಾನು ಬಾಯಲ್ಲಿಟ್ಟುಕೊಂಡು ಉಗುಳದೆ ಇದ್ದದ್ದನ್ನು ಇವರು ರೊಟ್ಟಿ ತಿರುವಿ ಹಾಕುತ್ತಾ ಹೇಳಿಬಿಟ್ಟಿದ್ದರು.

ಮದುವೆಯಾದ ಹೊಸದರಲ್ಲಿ ನಾನು ಅವನನ್ನು ನೀವು ಅನ್ನುತ್ತಿದ್ದೆ. ಅದು ಷಾರ್ಲೆಟ್‌ನಲ್ಲೇ ಎಂದೋ ನೀನು ಆಗಿತ್ತು. ಸಿಟ್ಟು ನೆತ್ತಿಗೇರಿದಾಗ ಮಾತ್ರ ಹಳೆಯದು ವಾಪಸ್ಸು ಬರುತ್ತದೆ.

"ಮೈಸೂರಿಂದ ನಿಮ್ಮ ಹಿಂದೆ ಬಂದೆ," ಅಂದೆ. "ವರ್ಕ್ ಪರ್ಮಿಟ್ ಇಲ್ಲ ಅಂತ ನಾಲ್ಕು ವರ್ಷ ಇದೇ ಊರಲ್ಲಿ ಮನೇಲಿ ಕೂತೆ. ಪರ್ಮಿಟ್ ಬಂತು, ಕೆಲಸ ಸಿಕ್ಕಿ ಎಂಟು ತಿಂಗಳಾಗಿತ್ತು, ಫೇರ್‌ಫ್ಯಾಕ್ಸ್ ಅಂದ್ರಿ. ನೀವು ಎರಡು ಸೂಟ್‌ಕೇಸ್ ತಗೊಂಡು ಮೊದ್ಲು ಹೋದ್ರಿ. ಸೋಫಾ ಮಾರಿದ್ದು ಯಾರು? ಗೋಡೆಯ ಮೊಳೆ ತೂತು ಮುಚ್ಚಿದ್ದು ಯಾರು? ಕರೆಂಟು, ಇಂಟರ್‌ನೆಟ್ಟು, ಕೀ ವಾಪಸ್ ಕೊಡೋದು, ಎಲ್ಲಾ ಯಾರು? ಅಟ್ಲಾಂಟಾಕ್ಕೂ ಎರಡು ಸೂಟ್‌ಕೇಸ್ ತಗೊಂಡೇ ಹೋದ್ರಿ. ಪ್ರತಿ ಸಲ ನೀವು ಎದ್ದು ಹೋಗ್ತೀರಿ, ನಾನು ಬಂದು ಮುಗಿಸ್ತೀನಿ. ನಾನು ಮುಗಿಸಿದ್ದು ಯಾರ ಲೆಕ್ಕಕ್ಕೂ ಬರಲ್ಲ. ನಂಗೆ ಸುಸ್ತಾಗಿದೆ ಕಣ್ರೀ. ಕೋಪ ಕೂಡ ಅಲ್ಲ ಇದು, ಸುಸ್ತು."

ಅಕ್ಕ ಒಲೆ ಆರಿಸಿ, ಸೆರಗಿಲ್ಲದ ಕುರ್ತಾದ ತುದಿಗೆ ಕೈ ಒರೆಸಿಕೊಂಡು, ಏನೋ ನೆಪ ಹೇಳಿ ಗರಾಜಿನ ಕಡೆ ಹೋದರು. ನನ್ನ ಗಂಡ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಮನೆ ತೋರಿಸುವಾಗ ಇದ್ದ ಹುರುಪು ಇಳಿದುಹೋಗಿತ್ತು. ಅವನ ಕಿವಿಯ ಮೇಲೆ ಕೂದಲು ಬೆಳ್ಳಗಾಗಿದ್ದನ್ನು ನಾನು ಆಗಲೇ ನೋಡಿದ್ದು. ಪಾಪ ಅನ್ನಿಸಿತು, ಪಾಪ ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ನೀನು ಯಾವತ್ತೂ ಹೇಳ್ಲಿಲ್ಲ," ಅಂದ.

"ನೀವು ಯಾವತ್ತೂ ಕೇಳ್ಲಿಲ್ಲ."

ಅಷ್ಟಕ್ಕೇ ನಿಂತಿತು. ಸಂಜೆ ಮೂವರೂ ದೇವಸ್ಥಾನಕ್ಕೆ ಹೋಗಿ ಬಂದೆವು, ಅಕ್ಕನ ಮಗಳು ವೀಡಿಯೋ ಕಾಲ್ ಮಾಡಿದಾಗ ಇಬ್ಬರೂ ಒಂದೇ ಪರದೆಯಲ್ಲಿ ತಲೆ ತೂರಿಸಿ ನಕ್ಕೆವು. ಮೇಲಿನ ರೂಮಿನಲ್ಲಿ ಅವನು ಗೋಡೆಯ ಕಡೆ ತಿರುಗಿ ಮಲಗಿದ, ನಾನು ಕಿಟಕಿಯ ಕಡೆ. ಇಬ್ಬರಿಗೂ ಚೆನ್ನಾಗಿ ನಿದ್ದೆ ಬಂತು. ಅದು ನನಗೆ ಬೆಳಿಗ್ಗೆ ಎದ್ದಾಗ ಆಶ್ಚರ್ಯವಾಗಿ ಕಂಡಿತು.

ಭಾನುವಾರ ತಿಂಡಿ ಆದ ಮೇಲೆ, ಎಂದಿನಂತೆ ಇಬ್ಬರೂ ಹೈವೇ ಹತ್ತುವ ಮೊದಲಿನ ಗ್ಯಾಸ್ ಸ್ಟೇಷನ್ನಿಗೆ ಬಂದೆವು. ಅಲ್ಲಿಂದ ನಾನು ಉತ್ತರಕ್ಕೆ, ಅವನು ದಕ್ಷಿಣಕ್ಕೆ. ಅವನು ಮೊದಲು ನನ್ನ ಗಾಡಿಗೆ ಪೆಟ್ರೋಲ್ ಹಾಕಿ, ಗಾಜು ಒರೆಸಿ, ನಾಲ್ಕೂ ಟೈರಿನ ಗಾಳಿ ನೋಡಿದ. ಹಿಂದಿನ ಸೀಟಿನಲ್ಲಿ ಅಕ್ಕ ಕಟ್ಟಿಕೊಟ್ಟ ರೊಟ್ಟಿ ಇತ್ತು, ಎರಡು ಪೊಟ್ಟಣ, ಒಂದು ಅವನದು. ಕೊಡಲು ಬಗ್ಗಿದೆ. ಹಿಂದಿನಿಂದ ಅವನು ಮಾತಾಡಿದ.

"ನಾನೇ ಬಂದ್ಬಿಡ್ಲಾ ಅಲ್ಲಿಗೆ?"

ನಾನು ಪೊಟ್ಟಣ ಹಿಡಿದು ತಿರುಗಿದೆ.

"ರಾತ್ರಿ ಎಲ್ಲಾ ಯೋಚ್ನೆ ಮಾಡಿದೆ," ಅಂದ. ಸುಳ್ಳು, ಗೊರಕೆ ಹೊಡೆದಿದ್ದ. "ವರ್ಜೀನಿಯಾದಲ್ಲಿ ಕೆಲಸ ಹುಡುಕ್ತೀನಿ. ಗ್ರೀನ್ ಕಾರ್ಡ್ ಲೇಟಾದ್ರೆ ಆಗ್ಲಿ. ಈ ಸಲ ನೀನು ಎಲ್ಲೂ ಬರಬೇಡ. ನಾನೇ ಬರ್ತೀನಿ."

ರಾತ್ರಿಯ ಯೋಚನೆ ಸುಳ್ಳಿರಬಹುದು, ಈ ಮಾತು ಸುಳ್ಳಲ್ಲ. ಅವನ ದನಿ ನನಗೆ ಗೊತ್ತು. ಈ ಒಂದು ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ. ರಾಕ್‌ವಿಲ್ ಆಫೀಸಿಗೆ ಹೋಗುವ ಬೆಲ್ಟ್‌ವೇ ಟ್ರಾಫಿಕ್ಕಿನಲ್ಲಿ ನಿಂತ ಗಾಡಿಯಲ್ಲಿ ಕೂತು, ಅವನು ಹೀಗೆ ಕೇಳಿದರೆ ನಾನು ಏನು ಹೇಳಬೇಕು ಅಂತ ಎಷ್ಟೋ ಸಲ ಒಳಗೊಳಗೇ ಹೇಳಿಕೊಂಡದ್ದಿದೆ. ಈಗ ಅವನು ಎದುರಿಗೆ ನಿಂತಿದ್ದ, ಕೈಯಲ್ಲಿ ಗಾಜು ಒರೆಸಿದ ಒದ್ದೆ ಕಾಗದ ಹಿಡಿದುಕೊಂಡು. ನನ್ನ ಕಣ್ಣ ಮುಂದೆ ಬಂದದ್ದು ಫೇರ್‌ಫ್ಯಾಕ್ಸ್‌ನ ಮನೆ. ಎರಡನೇ ರೂಮಿನಲ್ಲಿ ಹರಡಿಕೊಂಡಿರುವ ನನ್ನ ಪುಸ್ತಕ, ಗಿಡಗಳು. ಭಾನುವಾರದ ಸದ್ದಿಲ್ಲದ ಬೆಳಿಗ್ಗೆ. ಒಬ್ಬಳಿಗೆ ಮಾಡಿಕೊಂಡ ಮೊಸರನ್ನ. ಅವನು ಬಂದರೆ ಜೊತೆಗೇ ಬರುವ ಆ ಟಿವಿಯ ವಾಲ್ಯೂಮು, ಐದು ಗಂಟೆಗೇ ಶುರುವಾಗುವ 'ಊಟಕ್ಕೇನು', ಬಾತ್‌ರೂಮಿನ ಒದ್ದೆ ಟವೆಲ್ಲು. ಬಾ ಅನ್ನಬೇಕು ಅಂತ ಬಾಯಿ ತೆರೆದೆ.

"ಈಗ್ಲೇ ಬೇಡ," ಅಂದೆ. "ಇನ್ನೊಂದು ವರ್ಷ ಹೀಗೇ ಇರೋಣ. ಲೀಸ್ ರಿನ್ಯೂ ಮಾಡ್ತೀನಿ."

ಯಾಕೆ ಅಂತ ಅವನು ಕೇಳುತ್ತಾನೆ ಅಂದುಕೊಂಡೆ. ಕೇಳಲಿ ಅಂತ ಕಾದೆ. ಪಕ್ಕದ ಪಂಪಿನಲ್ಲಿ ಯಾರೋ ಗಾಡಿ ಸ್ಟಾರ್ಟ್ ಮಾಡಿ ಹೊರಟರು.

"ಸರಿ," ಅಂದ. ಹೇಳಿದ್ದು ಬೇಗ. ಹೇಳಿದ ಮೇಲೆ ಅವನ ಭುಜ ಇಳಿಯಿತು, ಹಣೆಯ ಗೆರೆ ಸಡಿಲವಾಯಿತು, ಎರಡು ದಿನದಲ್ಲಿ ಮೊದಲ ಸಲ ಅವನ ಮುಖ ಹಗುರವಾಗಿ ಕಂಡಿತು. ನನ್ನ ಮುಖವೂ ಅವನಿಗೆ ಹಾಗೇ ಕಂಡಿರಬೇಕು, ಯಾಕೆಂದರೆ ಅವನು ತಟಕ್ಕನೆ ಕಣ್ಣು ತಗ್ಗಿಸಿ ರೊಟ್ಟಿಯ ಪೊಟ್ಟಣ ತೆಗೆದುಕೊಂಡ. "ಸೇರಿದ ಮೇಲೆ ಫೋನ್ ಮಾಡು," ಅಂದ. "ನೀನೂ ಮಾಡು," ಅಂದೆ.

ಕಾಂಕರ್ಡ್ ದಾಟುವವರೆಗೆ ಚೆನ್ನಾಗಿಯೇ ಓಡಿಸಿದೆ. ಆಮೇಲೆ ರೆಸ್ಟ್ ಏರಿಯಾದ ಬೋರ್ಡು ಕಂಡದ್ದೇ ಗಾಡಿ ಒಳಗೆ ತಿರುಗಿಸಿ, ಟ್ರಕ್ಕುಗಳ ಹಿಂದೆ ನಿಲ್ಲಿಸಿ, ಬೆಲ್ಟು ಬಿಚ್ಚದೆಯೇ ಜೋರಾಗಿ ಅತ್ತೆ. ಗಂಡ ಬರ್ತೀನಿ ಅಂದಿದ್ದ, ನನಗೆ ಬೇಡ ಅನ್ನಿಸಿತ್ತು. ಅವನಿಗೂ ಹಾಗೇ ಅನ್ನಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೆ.